ಹೊಸ್ತಿಲ ಮೊಳೆ

ಇಕ್ಕಳವನ್ನು ಜುಬ್ಬಾದ ಬಲಜೇಬಿಗೆ ಹಾಕಿಕೊಂಡದ್ದು ತಪ್ಪಾಯಿತು ಎಂದು ಕಾರು ಕಮಲಾಪುರ ದಾಟುವ ಮೊದಲೇ ಗಾದಿಲಿಂಗಪ್ಪನಿಗೆ ಅನ್ನಿಸಿತು. ಬಲಗಡೆಗೆ ಮಗಳು ಉಚ್ಚೆಂಗಮ್ಮ ಕೂತಿದ್ದಳು, ತುಂಬಿದ ಬಸುರಿ. ಗುಂಡಿಗಳಲ್ಲಿ ಕಾರು ಕುಲುಕಿದಾಗಲೆಲ್ಲ ಇಕ್ಕಳದ ಹಿಡಿ ಇಬ್ಬರ ನಡುವೆ ಸಿಕ್ಕಿ ಅತ್ತ ಅವಳನ್ನೂ ಇತ್ತ ಅವನನ್ನೂ ತಿವಿಯುತ್ತಿತ್ತು. ‘ಏನಪ್ಪಾ ಅದು ಜೇಬಿನಾಗ, ಚುಚ್ಚಾಕತ್ತೈತಿ?’ ಎಂದು ಕೇಳಿದಳು. ‘ಅಡಕಿ ಡಬ್ಬಿ’ ಎಂದ. ಹೋದ ವರ್ಷ ಹಲ್ಲು ಕೀಳಿಸಿಕೊಂಡ ಮೇಲೆ ಅವನು ಅಡಿಕೆ ಬಿಟ್ಟದ್ದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಮಗಳು ಮತ್ತೆ ಕೇಳಲಿಲ್ಲ, ಕಿಟಕಿಯ ಕಡೆ ತಿರುಗಿ ಕಾಲುವೆ ನೋಡುತ್ತ ಕೂತಳು. ಕೇಳದೆ ಬಿಟ್ಟದ್ದೇ ಅವನಿಗೆ ಇನ್ನಷ್ಟು ದಿಗಿಲು ಹುಟ್ಟಿಸಿತು. ಇಷ್ಟು ಸಣ್ಣ ಸುಳ್ಳನ್ನೇ ನೆಟ್ಟಗೆ ಹೇಳಲು ಬಾರದ ತಾನು ಹಾಡುಹಗಲಲ್ಲಿ, ಜನ ಓಡಾಡುವ ಮ್ಯೂಸಿಯಮ್ಮಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಮೊಳೆ ಕಿತ್ತು ತರುವುದು ಹೇಗೆ? ಕಬ್ಬು ಬೆಳೆಗಾರರ ಸೊಸೈಟಿಯ ಡೈರೆಕ್ಟರು ಮೊಳೆ ಕದ್ದು ಸಿಕ್ಕಿಬಿದ್ದ ಅಂತ ಊರಲ್ಲಿ ಸುದ್ದಿಯಾದರೆ ಮುಖ ಎಲ್ಲಿಟ್ಟುಕೊಳ್ಳುವುದು? ಇಕ್ಕಳವನ್ನು ಎಡಜೇಬಿಗೆ ಬದಲಿಸೋಣವೆಂದರೆ ಹೊರಗೆ ತೆಗೆಯಬೇಕಾಗುತ್ತಿತ್ತು. ಅದರ ಮೇಲೆ ಅಂಗೈ ಒತ್ತಿ ಹಿಡಿದುಕೊಂಡೇ ಕೂತ.

ಇದೆಲ್ಲ ಶುರುವಾದದ್ದು ಅಳಿಯನ ಬಾಯಿಂದ. ಉಚ್ಚೆಂಗಿಯ ಗಂಡ ಜಡೆಪ್ಪ ಸಂಡೂರಿನ ಅದಿರು ಕಂಪನಿಯೊಂದರಲ್ಲಿ ಲಾರಿ ತೂಕ ಮಾಡುವ ಕೆಲಸದಲ್ಲಿದ್ದ. ಸೀಮಂತದ ಕುಬಸ ಮುಗಿದು, ಹೆಂಡತಿಯನ್ನು ಚೊಚ್ಚಲ ಬಾಣಂತನಕ್ಕೆ ಬುಕ್ಕಸಾಗರಕ್ಕೆ ತಂದು ಬಿಟ್ಟ ದಿನ ಊಟಕ್ಕೆ ಕೂತಾಗ, ‘ಮಾವಾ, ನಿಮ್ಮ ಹಳೇ ಮನಿ ಬಾಗಿಲಾನ ನಮ್ಮೂರಿನ ಮ್ಯೂಸಿಯಮ್ಮಿನಾಗ ನಿಂದ್ರಿಸ್ಯಾರ. ಬುಕ್ಕಸಾಗರದ ಗಾದಿಲಿಂಗಪ್ಪನೋರ ಮನಿದು ಅಂತ ಬರದಾರ. ಹೊಸ್ತಲಾ ಐತಿ, ಹೊಸ್ತಲದಾಗ ಒಂದು ಮೊಳಿ ಸೈತ ಐತಿ, ಮಸ್ತ್ ಕಾಣತೈತಿ’ ಎಂದು ದೊಡ್ಡ ಉಪಕಾರ ಮಾಡುವವನಂತೆ ಹೇಳಿದ. ಗಾದಿಲಿಂಗಪ್ಪನ ತಾಯಿ ಎರ್ರೆಮ್ಮ ತಾಟಿನಿಂದ ಕೈ ಎತ್ತಿ ಮಗನ ಮುಖ ನೋಡಿದಳು. ಅಳಿಯನ ಎದುರು ತುಟಿ ಬಿಚ್ಚಲಿಲ್ಲ. ಅವನು ಹೋದ ಮೇಲೆ ಹಿತ್ತಲಿಗೆ ಕರೆದು, ‘ಕಿತ್ತೀನಿ ಅಂದಿದ್ದಿ. ಹೊಸಾ ಹೊಸ್ತಲದ ಬುಡಕ ಹುಗದೀನಿ ಅಂದಿದ್ದಿ’ ಎಂದಳು. ಅಂದದ್ದು ನಿಜ. ಹಳೆಯ ಮನೆ ಕೆಡವುವಾಗ ಎರ್ರೆಮ್ಮ ಕಂಪ್ಲಿಯಲ್ಲಿ ತಮ್ಮನ ಮನೆಗೆ ಹೋಗಿದ್ದಳು. ಹೊಸಪೇಟೆಯಿಂದ ಹಳೆ ಮರಮುಟ್ಟಿನ ವ್ಯಾಪಾರಿ ಲಾರಿ ತಂದಿದ್ದ. ಚೌಕಟ್ಟನ್ನು ಹೊಸ್ತಿಲ ಸಮೇತ ಎಬ್ಬಿಸಿ ಲಾರಿಗೆ ಏರಿಸುವಾಗ ಮನೆಯ ಯಜಮಾನ ಗಾದಿಲಿಂಗಪ್ಪ ತಾನೇ ಹೆಗಲು ಕೊಟ್ಟಿದ್ದ. ಆಳುಗಳು ನಕ್ಕಿದ್ದರು. ಲಾರಿ ಊರು ದಾಟಿದ ಮೇಲೆ ಎದೆಯ ಮೇಲಿನ ಭಾರವೊಂದು ಇಳಿದಂತಾಗಿ ಅವನು ಸಂಜೆಯವರೆಗೆ ಗದ್ದೆಯ ಬದುವಿನ ಮೇಲೆ ಸುಮ್ಮನೆ ಓಡಾಡಿದ್ದ. ತಾಯಿ ಬಂದು ಕೇಳಿದ್ದು ಮೊಳೆಯೊಂದನ್ನೇ. ಬಾಯಿಗೆ ಬಂದ ಸುಳ್ಳು ಹೇಳಿದ್ದ. ಹೊಸ ಆರ್‌ಸಿಸಿ ಮನೆಗೆ ಕಡಪಾ ಕಲ್ಲಿನ ಹೊಸ್ತಿಲು, ಕಲ್ಲಿಗೆ ಮೊಳೆ ಹೊಡೆಯಲು ಬರುವುದಿಲ್ಲ, ಅದಕ್ಕೇ ಅಡಿಗೆ ಹೂತಿದ್ದೇನೆ ಎಂದಿದ್ದ. ಎರ್ರೆಮ್ಮ ನಂಬಿದಳು. ಇಷ್ಟು ವರ್ಷ ಪ್ರತಿ ಶುಕ್ರವಾರ ಏನೂ ಇಲ್ಲದ ಕಲ್ಲಿಗೆ ಅರಿಸಿನ ಬಳಿದಳು.

‘ಈ ಮನಿಯಾಗ ಇದಽ ಮೊದಲ ಬಾಣಂತನ’ ಎಂದು ಆಕೆ ಹಿತ್ತಲಲ್ಲಿ ಮುಂದುವರಿಸಿದ್ದಳು. ‘ನಿಂಗಿ ಹಡಿಯೋವಾಗ ಮೊಳಿ ಇತ್ತು, ತಾಯಿ ಮಗಾ ಛಲೋ ಉಳಕೊಂಡ್ರು. ಈಗ ಏನೈತಿ? ಬಾಗಿಲಾ ತೆರಕೊಂಡು ಬಾ ಅಂದಂಗ ಐತಿ.’ ಹೊಸಪೇಟೆಯ ಡಾಕ್ಟರಮ್ಮ ನೋಡಿದ್ದಾಳೆ, ಮಗು ಸರಿಯಾಗಿ ಕೂತಿದೆ ಅಂದಿದ್ದಾಳೆ, ಹೆರಿಗೆ ಅಲ್ಲೇ ಆಗುತ್ತದೆ ಎಂದು ಗಾದಿಲಿಂಗಪ್ಪ ಒದರಿದ. ‘ಡಾಕ್ಟರಮ್ಮ ಆಕಿನ್ನ ತಡೀತಾಳೇನು?’ ಎಂದಳು ಎರ್ರೆಮ್ಮ. ಆಕಿ. ಆ ಮನೆಯಲ್ಲಿ ಸತ್ತವಳಿಗೆ ಅದೇ ಹೆಸರು. ಹಡೆಯುವಾಗ ಹೋದವಳ ಹೆಸರು ಹಿಡಿದರೆ ಕರೆದಂತೆ, ಕರೆದರೆ ಬರುತ್ತಾಳೆ ಎಂದು ಎರ್ರೆಮ್ಮ ಆ ಹೆಸರನ್ನೇ ಮನೆಯಿಂದ ಹೊರಗೆ ಹಾಕಿದ್ದಳು. ಉಚ್ಚೆಂಗಿಯನ್ನು ಹೆತ್ತು ಕಣ್ಣು ಮುಚ್ಚಿದ ಗಾದಿಲಿಂಗಪ್ಪನ ಮೊದಲ ಹೆಂಡತಿಗೆ ಒಂದು ಹೆಸರಿತ್ತು ಎಂಬುದನ್ನು ಅವನೂ ಮರೆತವನ ಹಾಗೆ ಬದುಕಿದ್ದ. ಮರೆತಿರಲಿಲ್ಲ. ಆ ಹೆಸರಿನ ಅರ್ಧವಾದ ಹೊಳೆ ಅಂತ ಯಾರಾದರೂ ಅಂದರೂ ಸಾಕು, ಬೆನ್ನಹುರಿಯಲ್ಲಿ ಒಂದು ತಣ್ಣಗಿನ ಎಳೆ ಓಡುತ್ತಿತ್ತು, ಹೊಳೆಯ ದಂಡೆಯಲ್ಲೇ ಅವನ ಗದ್ದೆ ಇತ್ತು.

ಸಂಡೂರಿಗೆ ಹೋಗಬೇಕೆಂದವಳು ಉಚ್ಚೆಂಗಿ. ಬಸುರಿಯ ಬಯಕೆ ಏನೆಂದು ಅಪ್ಪನ ಎರಡನೆಯ ಹೆಂಡತಿ, ಚಿಕ್ಕವ್ವ ನಿಂಗಕ್ಕ ಕೇಳಿದರೆ ಮಾವಿನಕಾಯಿಯನ್ನೂ ಕೇಳಲಿಲ್ಲ, ಮಂಡಾಳು ಒಗ್ಗರಣೆಯನ್ನೂ ಕೇಳಲಿಲ್ಲ. ‘ನಮ್ಮ ಹಳೇ ಬಾಗಿಲಾ ನೋಡಬೇಕು’ ಎಂದಳು. ಬಸುರಿ ಕೇಳಿದ್ದನ್ನು ಇಲ್ಲವೆನ್ನಬಾರದು, ಇಲ್ಲವೆಂದರೆ ಕೂಸಿನ ಕಿವಿ ಸೋರುತ್ತದೆ. ಎರ್ರೆಮ್ಮ ಒಂದು ದಿನವೆಲ್ಲ ಗೊಣಗಿ ಕೊನೆಗೆ ಒಪ್ಪಿದಳು. ಒಪ್ಪಿ, ಮಗ ಸ್ನಾನ ಮಾಡಿ ಬರುವಷ್ಟರಲ್ಲಿ ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದು, ಮಡಿಸಿದ ಜುಬ್ಬಾದ ಮೇಲೆ ಇಟ್ಟಿದ್ದಳು. ಬಾಯಲ್ಲಿ ಏನೂ ಹೇಳಲಿಲ್ಲ. ತಾಯಿ ಮಾತಾಡದೆ ಹೇಳಿದ್ದನ್ನೆಲ್ಲ ಅವನು ಜೀವಮಾನವಿಡೀ ಮಾಡುತ್ತ ಬಂದಿದ್ದ, ಇದೂ ಅದರಲ್ಲೊಂದು.

ಹೊಸಪೇಟೆ ದಾಟಿದ ಮೇಲೆ ಅದಿರಿನ ಲಾರಿಗಳು ಸಾಲುಗಟ್ಟಿದವು. ಕೆಂಪು ಧೂಳಿಗೆ ಡ್ರೈವರು ಗಾಜು ಏರಿಸಲು ಹೇಳಿದ. ಮುಚ್ಚಿದ ಕಾರಿನಲ್ಲಿ ಗಾದಿಲಿಂಗಪ್ಪನಿಗೆ ಉಸಿರು ಸಾಲದಾಯಿತು. ಗುಡ್ಡದ ತಿರುವುಗಳಲ್ಲಿ ಮಗಳು ಹೊಟ್ಟೆಯ ಕೆಳಗೆ ಕೈಕೊಟ್ಟು ಹಿಡಿದುಕೊಳ್ಳುತ್ತಿದ್ದಳು, ಹಾಗೆ ಹಿಡಿದ ಕೈಯನ್ನು ಅವನು ಹಿಂದೆಯೂ ನೋಡಿದ್ದ. ಬಾಗಿಲ ಚೌಕಟ್ಟಿಗೆ ಹೆಗಲೊರಗಿಸಿ ಹೊಳೆಮ್ಮ ಹೀಗೇ ನಿಂತಿದ್ದಳು. ಅವಳ ತವರಿನಲ್ಲಿ ಅವ್ವ ಇರಲಿಲ್ಲ, ಹಾಗಾಗಿ ಚೊಚ್ಚಲನ್ನೂ ಗಂಡನ ಮನೆಯಲ್ಲೇ ಹಡೆಯಬೇಕಾಗಿತ್ತು. ನಾಟಿಯ ಹಂಗಾಮು, ಕಾಲುವೆಗೆ ನೀರು ಬಿಟ್ಟಿದ್ದರು, ಊರಿಗೆ ಊರೇ ಕೆಸರಿನಲ್ಲಿತ್ತು. ಬ್ಯಾನೆ ಶುರುವಾಗಿ ಮರುದಿನದ ಮಧ್ಯಾಹ್ನವಾದರೂ ಮುಗಿಯದಾಗ ಅವನು ಹೊಸಪೇಟೆಯ ಆಸ್ಪತ್ರೆಗೆಂದು ಗಾಡಿ ಕಟ್ಟಿದ. ಎರ್ರೆಮ್ಮ ಹೊರಗೆ ಬಂದು, ‘ಚೊಚ್ಚಲಾ ಹಿಂಗಽ ತಡಾ ಆಗತೈತಿ, ಬಿಚ್ಚು’ ಎಂದಳು. ಕಟ್ಟಿದ ಗಾಡಿ ಬಿಚ್ಚಿದ. ಎತ್ತುಗಳಿಗೆ ಹುಲ್ಲು ಹಾಕಿದ. ಹುಲ್ಲು ಹಾಕುತ್ತಿರುವಾಗ ಒಳಗೆ ಕೂಸು ಅತ್ತಿತು, ಅವನು ಖುಷಿಯಿಂದ ಓಡಿದ, ಸೂಲಗಿತ್ತಿ ಬಾಗಿಲಲ್ಲಿ ಅಡ್ಡ ನಿಂತಿದ್ದಳು, ಅವಳ ಮುಖದಲ್ಲಿ ಖುಷಿ ಇರಲಿಲ್ಲ. ‘ಅಪ್ಪಾ, ನೀರು ಕೊಡು’ ಎಂದಳು ಕಾರಿನಲ್ಲಿ ಪಕ್ಕದಿಂದ ಉಚ್ಚೆಂಗಿ. ಚೊಂಬಿನ ಮುಚ್ಚಳ ತೆಗೆಯುವಾಗ ನೀರು ಅವಳ ಸೀರೆಯ ಮೇಲೆ ಚೆಲ್ಲಿತು. ‘ಇರಲಿ ಬಿಡು’ ಎಂದು ಅವಳೇ ಸೆರಗಿನಿಂದ ಒರೆಸಿಕೊಂಡಳು.

ಸಂಡೂರಿನಲ್ಲಿ ಯಾವುದೋ ಟ್ರಸ್ಟಿನವರು ಹಳೆಯ ಬಂಗಲೆಯೊಂದಕ್ಕೆ ಸುಣ್ಣ ಬಣ್ಣ ಮಾಡಿಸಿ ‘ರಾಷ್ಟ್ರೀಯ ವಿನ್ಯಾಸ ಮತ್ತು ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯ’ ಎಂದು ಬೋರ್ಡು ಹಾಕಿದ್ದರು. ಕಾವಲಿನ ದುರುಗಣ್ಣ ಖಾಕಿ ಅಂಗಿಯ ಗುಂಡಿಯನ್ನು ಕೊರಳ ತನಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ‘ಚಪ್ಲಿ ಹೊರಗ ಬಿಡ್ರಿ, ಯಾವುದನ್ನೂ ಮುಟ್ಟಬ್ಯಾಡ್ರಿ, ಚೀಲಾ ಇಲ್ಲಿ ಇಡ್ರಿ’ ಎಂದ. ಗಾದಿಲಿಂಗಪ್ಪನ ಹೊಸ ಮೆಟ್ಟು ಬಿಚ್ಚುವಾಗ ಬಾರು ಸಿಕ್ಕಿಕೊಂಡು ಅವನು ಒಂಟಿಕಾಲಲ್ಲಿ ಕುಪ್ಪಳಿಸಿದ, ಜುಬ್ಬಾ ತೂಗಿ ಇಕ್ಕಳ ಗೋಡೆಗೆ ಬಡಿದು ಠಣ್ ಎಂದಿತು. ದುರುಗಣ್ಣ ಜೇಬಿನ ಕಡೆ ನೋಡಿದ. ‘ಬೀಗದ ಕೈರಿ’ ಎಂದ ಗಾದಿಲಿಂಗಪ್ಪ, ಯಾರೂ ಕೇಳದಿದ್ದರೂ. ಹಾಗೆಂದ ಮೇಲೆ, ಕೇಳುವ ಮೊದಲೇ ಉತ್ತರ ಕೊಟ್ಟವನನ್ನು ಯಾರು ನಂಬುತ್ತಾರೆ ಎಂದು ಬೆವರಿದ. ಮಗಳು ಬೆನ್ನ ಹಿಂದೆ ಸಣ್ಣಗೆ ನಕ್ಕಂತೆ ಕೇಳಿಸಿತು. ತಿರುಗಿ ನೋಡಿದರೆ ಅವಳು ನಕ್ಕಿರಲಿಲ್ಲ.

ಮೊದಲ ಕೋಣೆಯಲ್ಲಿ ಕನ್ನಡಿ ಕೂಡಿಸಿದ ಲಂಬಾಣಿ ಲಂಗಗಳು, ಆಮೇಲೆ ಕಿನ್ನಾಳದ ಗೊಂಬೆಗಳು, ಇನ್ನೊಂದರಲ್ಲಿ ಎಲ್ಲೆಲ್ಲಿಯದೋ ರಾಜ್ಯಗಳ ಹೂದಾನಿ, ಗಂಜೀಫ ಆಟದ ಎಲೆ, ಹೂಜಿ. ಅವನಿಗೆ ಒಂದೂ ನೆಟ್ಟಗೆ ಕಾಣಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ತಾಮ್ರದ ಹಂಡೆ, ಹಿತ್ತಾಳೆಯ ಗಂಗಾಳ, ತಂಬಿಗೆ ಸಾಲಾಗಿದ್ದವು. ಅವುಗಳ ಮುಂದೆ ಮಾತ್ರ ಕಾಲು ನಿಂತಿತು. ಕಾಲುವೆ ನೀರು ಬಂದು ಕಬ್ಬಿಗೆ ಬೆಲೆ ಬಂದ ವರ್ಷಗಳಲ್ಲಿ ಬುಕ್ಕಸಾಗರದ ಒಂದೊಂದು ಮನೆಯೂ ಇಂಥದನ್ನೆಲ್ಲ ಹೊರಗೆ ಹಾಕಿ ಸ್ಟೀಲು ತಂದಿತ್ತು. ತೊಳೆಯುವುದು ಸುಲಭ, ಹೊಳೆಯುತ್ತದೆ, ಹುಣಸೆಹಣ್ಣು ಹಚ್ಚಿ ಉಜ್ಜುವ ಕಾಟವಿಲ್ಲ. ಆಗ ಅವನೂ ಎತ್ತಿ ಕೊಟ್ಟಿದ್ದ. ಈಗ ಅವುಗಳ ಮೇಲೆ ದೀಪ ಬಿಟ್ಟು, ಮುಟ್ಟಬೇಡಿ ಎಂದು ಬರೆದಿದ್ದರು. ಗಂಗಾಳದ ಅಂಚಿನಲ್ಲಿ ಕೊರೆದ ಯಾರದೋ ಹೆಸರಿನ ಮೊದಲಕ್ಷರ ಓದಲು ಬಗ್ಗಿದ. ಹೊಳೆಮ್ಮ ಮದುವೆಯಲ್ಲಿ ತಂದಿದ್ದ ಗಂಗಾಳಕ್ಕೂ ಅಕ್ಷರ ಕೊರೆಸಿತ್ತು. ಗಾಜಿಗೆ ಅವನ ಉಸಿರು ತಾಗಿ ಮಂಜು ಕಟ್ಟಿತು, ಏನೂ ಕಾಣಿಸಲಿಲ್ಲ. ಅಂಗೈಯಿಂದ ಒರೆಸಹೋದರೆ ದುರುಗಣ್ಣ ದೂರದಿಂದಲೇ, ‘ಮುಟ್ಟಬ್ಯಾಡ್ರಿ ಅಂದ್ನೆಲ್ಲಾ ಯಜಮಾನ್ರೇ’ ಎಂದು ಕೂಗಿದ.

ಬಾಗಿಲು ಕೊನೆಯ ದೊಡ್ಡ ಕೋಣೆಯ ನಟ್ಟನಡುವೆ ನಿಂತಿತ್ತು. ಗೋಡೆ ಇರಲಿಲ್ಲ. ಆಚೆಗೂ ಅದೇ ಕೋಣೆ, ಈಚೆಗೂ ಅದೇ ಕೋಣೆ, ನಡುವೆ ಬರಿಯ ಚೌಕಟ್ಟು, ತೆರೆದ ಎರಡು ಕದ, ಕೆಳಗೆ ಹೊಸ್ತಿಲು. ಸುತ್ತ ಹಗ್ಗ ಕಟ್ಟಿದ್ದರು. ಎಣ್ಣೆ ಹಚ್ಚಿದ ತೇಗ ಎಂದೂ ಇಲ್ಲದಷ್ಟು ಮಿರುಗುತ್ತಿತ್ತು. ಮೇಲಿನ ಪಟ್ಟಿಯ ಗಿಣಿಗಳು, ನಡುವಿನ ಕಮಲ, ಬಲಗಡೆಯ ಕಂಬದಲ್ಲಿ ಹೆಗಲೊರಗಿಸಿ ಒರಗಿಸಿ ನುಣುಪಾಗಿದ್ದ ಜಾಗ. ಅದನ್ನೆಲ್ಲ ನೋಡಿದ ಮೇಲೆ, ನೋಡದೆ ಉಳಿಯಲಾಗದೆ, ಕೆಳಗೆ ನೋಡಿದ. ಹೊಸ್ತಿಲ ಎಡತುದಿಯಲ್ಲಿ ಮೊಳೆ ಇತ್ತು. ಅಗಲ ತಲೆಯ, ಕಮ್ಮಾರ ಕೈಯಿಂದ ಬಡಿದು ಮಾಡಿದ ಮೊಳೆ. ಹೆಣ ಎತ್ತಿದ ಕೂಡಲೇ ಕಮ್ಮಾರ ಅದನ್ನು ತಂದಿದ್ದ. ಮೊದಲ ಏಟನ್ನು ಗಂಡನೇ ಹೊಡೆಯಬೇಕು, ಕಟ್ಟಿಕೊಂಡವನು ಹೊಡೆಯದಿದ್ದರೆ ಮೊಳೆ ಬರಿಯ ಕಬ್ಬಿಣ, ಅವಳನ್ನು ತಡೆಯುವುದಿಲ್ಲ ಎಂದು ಎರ್ರೆಮ್ಮ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು. ಬೀದಿಯ ಕೊನೆಯಲ್ಲಿ ಚಟ್ಟ ಹೊತ್ತವರು ಇನ್ನೂ ಕಾಣುತ್ತಿದ್ದರು. ಒಳಗೆ ಕೂಸು ಹಾಲಿಲ್ಲದೆ ಅಳುತ್ತಿತ್ತು. ‘ಹೊಡೀ, ಜಲ್ದಿ ಹೊಡೀ, ತಿರುಗಿ ನೋಡ್ಯಾಳು’ ಎಂದಳು ತಾಯಿ. ಹೊಡೆದ. ಅವಳು ತಿರುಗಿ ನೋಡಿದ್ದರೆ ಗಂಡ ಸುತ್ತಿಗೆ ಹಿಡಿದು ಬಾಗಿಲಲ್ಲಿ ಕೂತದ್ದು ಕಾಣುತ್ತಿತ್ತು ಎಂಬ ಯೋಚನೆ ಆಮೇಲೆ ಎಷ್ಟೋ ವರ್ಷ, ಉಣ್ಣುವಾಗ, ಸೊಸೈಟಿಯ ಮೀಟಿಂಗಿನಲ್ಲಿ ಕೈ ಎತ್ತುವಾಗ ಬಂದು ನಿಲ್ಲುತ್ತಿತ್ತು.

ಹತ್ತಿ ಸೀರೆಯುಟ್ಟ ಹೆಂಗಸೊಬ್ಬಳು ಒಳಗಿನ ಕೋಣೆಯಿಂದ ಬಂದು ಕೈಮುಗಿದಳು. ಮ್ಯೂಸಿಯಮ್ಮಿನ ಉಸ್ತುವಾರಿ ತನ್ನದೇ ಎಂದಳು. ಬಾಗಿಲ ಮನೆಯವರೇ ಬಂದಿದ್ದಾರೆಂದು ತಿಳಿದು ಅವಳ ಮುಖ ಅರಳಿತು. ‘ನೀವೇ ಬಂದದ್ದು ತುಂಬ ಒಳ್ಳೇದಾಯ್ತು. ಈ ಕೆತ್ತನೆ ಎಲ್ಲ ನಮಗೆ ಅರ್ಥವಾಗುತ್ತೆ. ಈ ಒಂದು ಮೊಳೆ ಮಾತ್ರ ಗೊತ್ತಾಗ್ತಿಲ್ಲ. ಒಂದೇ ಯಾಕೆ, ಅದೂ ಒಂದು ತುದೀಲಿ? ನೀವು ಹೇಳಿದರೆ ಹಾಗೇ ಬರೆದು ಹಾಕ್ತೀವಿ’ ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಹೇಳಬಹುದಿತ್ತು. ಗಾದಿಲಿಂಗಪ್ಪ ಮಗಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಹಗ್ಗದ ಮೇಲೆ ಕೈಯಿಟ್ಟು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹುಡುಗನನ್ನು ನೋಡಿದ ಹಾಗೆ. ‘ಚಂದಕ್ಕರಿ’ ಎಂದ. ‘ಸುಮ್ಮನ ಚಂದಕ್ಕ ಹೊಡಿಸಿದ್ದು ಅದು.’ ‘ಓ, ಅಲಂಕಾರಕ್ಕೆ!’ ಎಂದು ಅವಳು ತಲೆದೂಗಿದಳು. ಯಾರೋ ಕರೆದರೆಂದು ಒಳಗೆ ಹೋದಳು. ಇನ್ನು ಅದು ಅಲಂಕಾರವೆಂದೇ ಬರೆಯಲ್ಪಡುತ್ತದೆ, ನೋಡಿದವರೆಲ್ಲ ಚಂದ ಅನ್ನುತ್ತಾರೆ ಎಂದು ಅವನಿಗೆ ಹೊಳೆಯಿತು.

‘ಚಂದಕ್ಕೇನಪ್ಪಾ?’ ಎಂದಳು ಉಚ್ಚೆಂಗಿ. ‘ಸಣ್ಣಾಕಿ ಇದ್ದಾಗ ಈ ಮೊಳಿ ಎಡವಿ ನನ್ನ ಬೆರಳು ಕಿತ್ತಿತ್ತು. ಅಜ್ಜಿ ಬೆರಳು ನೋಡಲಿಲ್ಲ, ಮೊಳಿ ಸಡ್ಲ ಆತೇನಂತ ನೋಡಿದ್ಲು. ಆವತ್ತು ನಾ ಚಿಗವ್ವಗ ಕೇಳಿದೆ. ಆಕಿ ಹೇಳಲಿಲ್ಲ. ಲಗ್ನ ಆಗಿ ಹೋಗೋ ದಿನ ತಾನಽ ಕರದು ಹೇಳಿದ್ಲು.’ ಗಾದಿಲಿಂಗಪ್ಪನಿಗೆ ಕೋಣೆಯ ದೀಪಗಳೆಲ್ಲ ಒಮ್ಮೆಗೇ ಕಣ್ಣಿಗೆ ಹೊಡೆದವು. ನಿಂಗಕ್ಕ! ಅವನು ಒಂದು ದಿನವೂ ಅವಳೆದುರು ಬಾಯಿ ಬಿಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಊರವರು ಹೇಳಿರಬೇಕು. ಎಲ್ಲ ಗೊತ್ತಿದ್ದೇ ಅವಳು ಶುಕ್ರವಾರಕ್ಕೊಮ್ಮೆ ಆ ಮೊಳೆಯ ತಲೆಗೆ ಕುಂಕುಮ ಇಡುತ್ತಿದ್ದಳೇ? ‘ಏನಂದ್ಲು?’ ಎಂದು ಕೇಳಿದ ದನಿ ಅವನದೇ ಅನ್ನಿಸಲಿಲ್ಲ. ‘ಮೊದಲ ಏಟು ನಿಮ್ಮಪ್ಪ ಹೊಡದಾನ, ಅದಕ್ಕಽ ಅವನು ಹೊಸ್ತಲಾ ದಾಟೋವಾಗ ಕೆಳಗ ನೋಡಂಗಿಲ್ಲ ಅಂದ್ಲು.’ ಅವಳು ಬೈಯಲಿಲ್ಲ. ಬೈದಿದ್ದರೆ ಅವನು ತಾಯಿಯ ಹೆಸರು ಹೇಳಿಯಾದರೂ ತಪ್ಪಿಸಿಕೊಳ್ಳುತ್ತಿದ್ದ. ‘ಇಕ್ಕಳ ತೆಗಿ’ ಎಂದಳು.

ಅವನು ಕಣ್ಣು ಬಿಟ್ಟುಕೊಂಡು ನೋಡಿದ. ‘ಅಡಕಿ ಡಬ್ಬಿ ಅಲ್ಲ ಅದು, ಬೀಗದ ಕೈನೂ ಅಲ್ಲ. ಅಜ್ಜಿ ಯಾಕ ಕೊಟ್ಟಾಳಂತ ನನಗ ಗೊತ್ತೈತಿ. ಆಕಿ ಇದನ್ನ ಮನಿ ಹೊಸ್ತಲದಾಗ ಹೊಡಸಾಕ ಕೀಳು ಅಂದಾಳ. ನಾ ಕೀಳಸಾಕಷ್ಟಽ ಬಂದೀನಿ.’ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ‘ನಮ್ಮವ್ವಗ ಅವ್ವ ಇರಲಿಲ್ಲಂತ, ಒಬ್ಬಾಕಿನಽ ಹಡದ್ಲಂತ. ನನಗೂ ಹಂಗಽ ಆಗಬೇಕೇನಪ್ಪಾ? ಮಗಳ ಬಾಣಂತನಕ್ಕ ಅವ್ವ ಬರಬೇಕು. ದಾರಿಯಾಗ ಮೊಳಿ ಹೊಡಕೊಂಡು ಕುಂತ್ರ ಆಕಿ ಹೆಂಗ ಬರಬೇಕು?’ ಗಾದಿಲಿಂಗಪ್ಪ ಏನೋ ಹೇಳಲು ಹೋದ. ಸತ್ತವರು ಬರುವುದು ಒಳ್ಳೆಯದಕ್ಕಲ್ಲ ಮಗಳೇ, ಬಂದರೆ ಜೊತೆಗೆ ಕರೆದೊಯ್ಯುತ್ತಾರೆ, ನಿನ್ನನ್ನು, ಕೂಸನ್ನು, ನನಗೆ ಭಯ, ನನಗೆ ಯಾವತ್ತೂ ಭಯ. ಅಷ್ಟರಲ್ಲಿ ದುರುಗಣ್ಣ ಕೋಣೆಯ ಬಾಗಿಲಿಗೆ ಬಂದು ನಿಂತ. ಉಚ್ಚೆಂಗಿ ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು, ‘ಯಪ್ಪಾ’ ಎಂದು ಸೊಂಟ ಹಿಡಿದು ನೆಲದ ಮೇಲೆ ಕುಸಿದಳು.

ಗಾದಿಲಿಂಗಪ್ಪನ ಜೀವ ಬಾಯಿಗೆ ಬಂತು. ‘ನೀರು, ಯಣ್ಣಾ, ನೀರು’ ಎಂದು ಉಚ್ಚೆಂಗಿ ಕಾವಲಿನವನಿಗೆ ನರಳಿದಳು. ದುರುಗಣ್ಣ ಸ್ಟೂಲಿಗೆ ಎಡವಿ, ‘ಅಮ್ಮಾರೇ, ಬಸುರಿ ಬಿದ್ದಾಳ್ರೀ’ ಎಂದು ಕೂಗುತ್ತ ಓಡಿದ. ಅವನ ಕಾಲಸಪ್ಪಳ ದೂರವಾಗುತ್ತಲೇ ಉಚ್ಚೆಂಗಿ ಒಂದು ಕಣ್ಣು ತೆರೆದಳು. ‘ಕೀಳು. ಜಲ್ದಿ.’ ಅದೇ ಮಾತು, ಅದೇ ಅವಸರ, ಅವನು ಈ ಸಲವೂ ಹೇಳಿದ್ದನ್ನೇ ಮಾಡುತ್ತಿದ್ದ. ಹಗ್ಗದ ಕೆಳಗೆ ತೂರಿ ಮಂಡಿಯೂರಿದ. ಇಕ್ಕಳದ ಬಾಯಿ ಮೊಳೆಯ ತಲೆಗೆ ಹಿಡಿತ ಸಿಗದೆ ಜಾರಿತು, ಮತ್ತೆ ಜಾರಿತು, ಬೆರಳ ಗೆಣ್ಣು ಕೆತ್ತಿ ರಕ್ತ ಬಂತು. ಮೂರನೆಯ ಸಲ ಹಿಡಿದು ಅಲ್ಲಾಡಿಸಿದ. ಒಣಗಿದ ಮರ ಕಿರ್ ಎಂದಿತು. ಇಷ್ಟು ವರ್ಷ ಒಂದು ಹೆಣ್ಣನ್ನು ಹೊರಗೆ ನಿಲ್ಲಿಸಿದ ಮೊಳೆ ಸಡಿಲ ಹಲ್ಲು ಕಿತ್ತು ಬಂದಂತೆ ಸಲೀಸಾಗಿ ಎದ್ದು ಬಂತು. ಅದು ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ಅವನ ನೆನಪಿನಲ್ಲಿ ಅದು ಗೇಣುದ್ದವಿತ್ತು. ಅಂಗೈಯಲ್ಲಿ ಹಿಡಿದು ನೋಡುತ್ತ ಕೂತವನಿಗೆ ತಾನು ಅಳುತ್ತಿದ್ದೇನೆಂದು ತಿಳಿದದ್ದು ಮೂಗಿನಿಂದ ನೀರಿಳಿದಾಗ. ಉಚ್ಚೆಂಗಿ ತೆವಳಿ ಬಂದು ತನ್ನ ಹಣೆಯ ಕುಂಕುಮವನ್ನು ಬೆರಳಿನಿಂದ ಒತ್ತಿ ತೆಗೆದು ತೂತಿಗೆ ತುಂಬಿದಳು. ಆಮೇಲೆ ಹಗ್ಗದಾಚೆ ಹೋಗಿ ಮೊದಲಿನ ಹಾಗೇ ಕುಸಿದು ಕೂತಳು. ದುರುಗಣ್ಣ ತಂದ ನೀರನ್ನು ಎರಡು ಗುಟುಕು ಕುಡಿದು, ‘ಭಾಳ ಉಪಕಾರ ಆತಣ್ಣಾ’ ಎಂದಳು. ಉಸ್ತುವಾರಿಯ ಹೆಂಗಸು ಅವಳ ತೋಳು ಹಿಡಿದು ಕಾರಿನ ತನಕ ಬಂದಳು. ಹೆರಿಗೆ ಆದ ಮೇಲೆ ಕೂಸನ್ನೂ ಕರೆತನ್ನಿ ಎಂದಳು. ಅವಳಿಗೆ ಮೋಸ ಮಾಡಿದೆವಲ್ಲ ಎಂದು ಗಾದಿಲಿಂಗಪ್ಪ ತಲೆ ತಗ್ಗಿಸಿದ.

ವಾಪಸು ಬರುವಾಗ ಮಗಳಿಗೆ ನಿದ್ದೆ ಹತ್ತಿತು. ತಲೆ ಅವನ ಹೆಗಲಿಗೆ ವಾಲಿತು. ಅವನು ಮೊಳೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಅವಳ ಉಸಿರನ್ನು ಕೇಳುತ್ತ ಕೂತ. ಉಸಿರು ಒಂದಿಷ್ಟು ತಡವಾದರೂ ಎದೆ ಧಸಕ್ಕೆನ್ನುತ್ತಿತ್ತು. ಕಿತ್ತದ್ದಾಯಿತು, ಈಗ ಏನು? ಮನೆಯಲ್ಲಿ ಹೊಡೆದರೆ ಮಗಳು ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ. ಹೊಡೆಯದಿದ್ದರೆ, ನಾಳೆ ಏನಾದರೂ ಆಗಿಬಿಟ್ಟರೆ, ಎರ್ರೆಮ್ಮ ಏನೂ ಹೇಳಬೇಕಾಗಿಲ್ಲ, ಅವಳ ಒಂದು ನೋಟ ಸಾಕು. ಕಾಲುವೆಯ ಸೇತುವೆ ಬಂದಾಗ ಎಸೆದುಬಿಡೋಣ ಅನ್ನಿಸಿತು. ಎಸೆದರೆ ಇನ್ನೊಂದು ಸುಳ್ಳು ಹೇಳಬೇಕು, ಆ ಸುಳ್ಳಿಗೆ ಮತ್ತೆ ಅಷ್ಟು ವರ್ಷ ಅರಿಸಿನ ಬಳಿಯಬೇಕು. ಸೇತುವೆ ದಾಟಿತು. ಬಾಳೆತೋಟಗಳ ನಡುವೆ ಕಾರು ಊರಿನ ಕಡೆ ತಿರುಗಿದಾಗ ಅವನಿಗೆ ಏನೂ ಗೊತ್ತಿರಲಿಲ್ಲ, ಭಯ ಹಾಗೇ ಇತ್ತು.

ಎರ್ರೆಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅವಳು ಸುಮ್ಮನೆ ಕಾದಿರಲಿಲ್ಲ. ಕಲ್ಲುಕುಟಿಗನನ್ನು ಕರೆಸಿ ಕಡಪಾ ಕಲ್ಲಿನ ಎಡತುದಿಗೆ ತೂತು ಕೊರೆಸಿ, ಅದಕ್ಕೊಂದು ಮರದ ಬೆಣೆ ಬಡಿಸಿ ಇಟ್ಟಿದ್ದಳು. ಪಕ್ಕದಲ್ಲಿ ಸುತ್ತಿಗೆ. ನಿಂಗಕ್ಕ ಬಸುರಿ ಮಗಳ ಕಾಲಿಗೆಂದು ತುಂಬಿದ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ತಂದಿ?’ ಎಂದಳು ಎರ್ರೆಮ್ಮ. ‘ತಂದೀನಿ.’ ಮುಷ್ಟಿ ತೆರೆದ. ಬೆವರಿಗೆ ತುಕ್ಕು ಬಿಟ್ಟು ಅಂಗೈ ಕೆಂಪಾಗಿತ್ತು. ‘ಕುಂದ್ರು. ಮೊದಲ ಏಟು ನಿಂದು’ ಎಂದು ಎರ್ರೆಮ್ಮ ಸುತ್ತಿಗೆ ಚಾಚಿದಳು. ಗಾದಿಲಿಂಗಪ್ಪ ಸುತ್ತಿಗೆ ಹಿಡಿಯಲಿಲ್ಲ. ತಾಯಿಯ ಇನ್ನೊಂದು ಕೈಯನ್ನು ಎತ್ತಿ, ಅದರಲ್ಲಿ ಮೊಳೆಯಿಟ್ಟು, ಸುಕ್ಕಾದ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ‘ನೀ ಇಟ್ಕೋ ಯವ್ವಾ. ನಾ ಹೊಡ್ಯಾಂಗಿಲ್ಲ.’

‘ಹುಚ್ಚು ಹಿಡದೈತೇನಲೇ ನಿನಗ? ಮಗಳು ಉಳಿಯೋದು ಬ್ಯಾಡೇನು?’ ಅವನು ಹೆದರಿದ್ದ ಮಾತೇ ಅದು. ಉಚ್ಚೆಂಗಿ ಯಾರನ್ನೂ ನೋಡದೆ ಕಾಲು ತೊಳೆದುಕೊಂಡು, ಬಲಗಾಲಿಟ್ಟು ಹೊಸ್ತಿಲು ದಾಟಿ ಒಳಗೆ ಹೋದಳು. ಹೋಗಿ ಪಡಸಾಲೆಗೆ ನಡೆಯಲಿಲ್ಲ, ತಿರುಗಿ ಬೀದಿಯ ಕಡೆ ಮುಖ ಮಾಡಿ ನಿಂತಳು. ಗಾದಿಲಿಂಗಪ್ಪ ಅವಳ ಹಿಂದೆಯೇ ಹೊಸ್ತಿಲಿಗೆ ಬಂದ. ಎಷ್ಟೋ ವರ್ಷಗಳ ಮೇಲೆ ಕೆಳಗೆ ನೋಡಿದ, ತೂತಿನಲ್ಲಿ ಬೆಣೆಯೊಂದೇ ಇತ್ತು. ದಾಟಲಿಲ್ಲ. ಬೆನ್ನನ್ನು ಚೌಕಟ್ಟಿಗೆ ಒತ್ತಿ, ಒಬ್ಬರು ಹಾಯುವಷ್ಟು ಜಾಗ ಬಿಟ್ಟು ನಿಂತ.

‘ಯಾಕ ನಿಂತಿ? ಇನ್ನ ಯಾರು ಬರೋರದಾರ?’ ಎಂದು ಎರ್ರೆಮ್ಮ ಕೂಗಿದಳು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು ಆ ಕೂಗಿನಲ್ಲಿ.

‘ಹೊಳೆಮ್ಮ’ ಎಂದ.

ನಿಂಗಕ್ಕ ಒಳಗೆ ಹೋಗಿ ಚೊಂಬನ್ನು ಮತ್ತೆ ತುಂಬಿ ತಂದಳು. ಬಂದವರು ಕಾಲು ತೊಳೆಯುವ ಕಲ್ಲಿನ ಮೇಲೆ ಅದನ್ನಿಟ್ಟು, ಸೆರಗು ಸರಿಮಾಡಿಕೊಂಡು, ತಾನೂ ಒಂದು ಪಕ್ಕಕ್ಕೆ ಸರಿದು ನಿಂತಳು.